ಮೇಲಿನ ಮನೆಯ ಸದ್ದು ಕೆಳಗಿಳಿಯದಂತೆ ಮಾಡುವುದು ಹೇಗೆ?

"ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಚೇರು ಎಳೀತಾರೆ, ಏನು ಮಾಡ್ಲಿ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಒಬ್ಬರಿಗೆ ಚೇರು, ಇನ್ನೊಬ್ಬರಿಗೆ ಮಿಕ್ಸಿ, ಮತ್ತೊಬ್ಬರಿಗೆ ಬೆಳಗಿನ ಜಾವ ಶುರುವಾಗುವ ನೀರಿನ ಮೋಟರ್. ಕೊನೆಗೆ ಎಲ್ಲರೂ ಕೇಳುವುದು ಮಾತ್ರ ಒಂದೇ: "ನಮ್ಮ ಸೀಲಿಂಗಿಗೆ ಏನಾದರೂ ಅಂಟಿಸಿದರೆ ನಿಲ್ಲುತ್ತಾ?"

ನಿಲ್ಲುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸದ್ದನ್ನು ಹುಟ್ಟುವ ಕಡೆ ಹಿಡಿಯುವುದು ಸುಲಭ, ಅಗ್ಗ. ಕೇಳುವ ಕಡೆ ಹಿಡಿಯುವುದು ಕಷ್ಟ, ದುಬಾರಿ, ಅದೂ ಅರ್ಧಂಬರ್ಧ. ಮೇಲಿನ ಮನೆಯ ಚೇರಿನ ಕಾಲಿಗೆ ಹಾಕುವ ನಾಲ್ಕು ರಬ್ಬರ್ ಬುಷ್ ಮಾಡುವ ಕೆಲಸವನ್ನು ಕೆಳಗಿನ ಮನೆಯ ಸಾವಿರಾರು ರೂಪಾಯಿಯ ಫಾಲ್ಸ್ ಸೀಲಿಂಗ್ ಮಾಡಲಾರದು.

ಕಾರಣ ನಮ್ಮ ಮನೆಗಳಲ್ಲೇ ಇದೆ. ಬೆಂಗಳೂರಿರಲಿ, ಹುಬ್ಬಳ್ಳಿಯಿರಲಿ, ಮಹಡಿ ಮನೆ ಅಂದರೆ ಐದಾರು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬ್, ಮೇಸ್ತ್ರಿಗಳ ಬಾಯಲ್ಲಿ ಮೋಲ್ಡ್. ಅದರ ಮೇಲೆ ಸಿಮೆಂಟ್ ಗಾರೆ, ಗಾರೆಯ ಮೇಲೆ ಟೈಲ್ಸ್ ಅಥವಾ ಗ್ರಾನೈಟ್. ಎಲ್ಲವೂ ಗಟ್ಟಿ, ಎಲ್ಲವೂ ಒಂದಕ್ಕೊಂದು ಕಚ್ಚಿಕೊಂಡಿವೆ. ನಡುವೆ ಮೆತ್ತಗಿನದು ಅಂತ ಒಂದು ಪದರವೂ ಇಲ್ಲ. ಮೇಲೆ ಚಮಚ ಬಿದ್ದರೂ ಆ ಪೆಟ್ಟು ಎಲ್ಲೂ ತಡೆಯಿಲ್ಲದೆ ನಿಮ್ಮ ತಲೆಯ ಮೇಲೆ ಬಂದು ನಿಲ್ಲುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಅಟ್ಟದ ಹಲಗೆಯ ಮೇಲೆ ಮಣ್ಣು ಹಾಸುತ್ತಿದ್ದರು. ಸದ್ದಿಗಾಗಿ ಹಾಸಿದ್ದಲ್ಲ, ಆದರೂ ಆ ಮಣ್ಣು ಒಂದಿಷ್ಟು ಸದ್ದು ನುಂಗುತ್ತಿತ್ತು. ಈಗಿನ ಟೈಲ್ಸಿಗೆ ಆ ಗುಣ ಇಲ್ಲ.

ಕೈಗೆ ಬೇಕಾಗುವ ಸಾಮಾನು ಜಾಸ್ತಿಯೇನಿಲ್ಲ. ಒಂದು ನೋಟ್ ಪುಸ್ತಕ, ಫೋನು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಬ್ಬರ್ ಬುಷ್ ಮತ್ತು ಫೆಲ್ಟ್ ಬಿಲ್ಲೆ, ಒಂದೆರಡು ದಪ್ಪ ರಬ್ಬರ್ ಮ್ಯಾಟ್, ಒಂದು ಜಮಖಾನ, ಮಟ್ಟ ಸರಿಯಿದೆಯೇ ಅಂತ ನೋಡುವ ರಸಮಟ್ಟ, ಬಾಗಿಲ ಸಂದಿಗೆ ಹಚ್ಚುವ ರಬ್ಬರ್ ಪಟ್ಟಿ. ಜೊತೆಗೆ ಮೇಲಿನ ಮನೆಯವರ ಒಪ್ಪಿಗೆ. ಅದೊಂದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಅದರ ಬಗ್ಗೆ ಮೂರನೇ ಹಂತದಲ್ಲಿ ಹೇಳುತ್ತೇನೆ.

1. ಅದು ಯಾವ ಜಾತಿಯ ಸದ್ದು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ತಪ್ಪು ಮದ್ದಿಗೆ ದುಡ್ಡು ಹಾಕುವವರೆಲ್ಲ ಇಲ್ಲೇ ಎಡವುವುದು.

ಸದ್ದಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಗಾಳಿ ಸದ್ದು: ಮಾತು, ಟಿವಿ, ನಾಯಿ ಬೊಗಳುವುದು, ಕುಕ್ಕರ್ ಸೀಟಿ. ಇದು ಗಾಳಿಯಲ್ಲಿ ಸಾಗುತ್ತದೆ. ಕಾಂಕ್ರೀಟ್ ಭಾರವಾಗಿರುವುದರಿಂದ ಇದನ್ನು ಚೆನ್ನಾಗಿಯೇ ತಡೆಯುತ್ತದೆ. ಎರಡನೆಯದು ಪೆಟ್ಟಿನ ಸದ್ದು: ಹಿಮ್ಮಡಿ ಊರಿ ನಡೆಯುವುದು, ಚೇರು ಎಳೆಯುವುದು, ಮಕ್ಕಳ ಕುಣಿತ, ಕುಟ್ಟಾಣಿ. ಇಲ್ಲಿ ಪೆಟ್ಟು ಬೀಳುವುದೇ ಸ್ಲ್ಯಾಬಿಗೆ. ಅದು ಅದುರುತ್ತದೆ, ಅದರ ಜೊತೆ ನಿಮ್ಮ ಗೋಡೆಗಳೂ ಅದುರುತ್ತವೆ, ಇಡೀ ಕೋಣೆಯೇ ಸ್ಪೀಕರ್ ಆಗುತ್ತದೆ. ಕಾಂಕ್ರೀಟ್ ಇದನ್ನು ತಡೆಯುವುದಿಲ್ಲ, ಹೊತ್ತು ತರುತ್ತದೆ. ಮಿಕ್ಸಿ, ವಾಷಿಂಗ್ ಮಷಿನ್, ಮೋಟರುಗಳ ಗುಂಯ್ ಅನ್ನುವ ಅದುರು ಕೂಡ ಇದೇ ದಾರಿ ಹಿಡಿಯುತ್ತದೆ.

ಗುರುತಿಸುವುದು ಸುಲಭ. ಸದ್ದು ಬರುತ್ತಿರುವಾಗ ನಿಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ. ಗಮನಕ್ಕೆ ಬರುವಷ್ಟು ಇಳಿಯಿತಾ? ಹಾಗಾದರೆ ಅದು ಗಾಳಿ ಸದ್ದು, ಸ್ಲ್ಯಾಬಿನಿಂದಲ್ಲ, ಬಾಲ್ಕನಿ ಕಡೆಯಿಂದಲೋ ಬಾತ್‌ರೂಮಿನ ಪೈಪುಗಳು ಇಳಿಯುವ ಡಕ್ಟಿನಿಂದಲೋ ಬರುತ್ತಿದೆ. ಏನೂ ಬದಲಾಗಲಿಲ್ಲ ಅಂದರೆ ಗೋಡೆಗೆ ಕಿವಿ ಕೊಟ್ಟು ಕೇಳಿ, ಅಂಗೈ ಇಟ್ಟು ನೋಡಿ. ಗೋಡೆಯೊಳಗೆ ಸದ್ದು ಇನ್ನೂ ಚೆನ್ನಾಗಿ ಕೇಳಿದರೆ ಅದು ಪೆಟ್ಟಿನದು ಅಥವಾ ಅದುರಿನದು.

2. ಒಂದು ವಾರ ಬರೆದಿಡಿ

ಗಂಟೆ, ಯಾವ ಕೋಣೆ, ಎಂಥ ಸದ್ದು, ಎಷ್ಟು ಹೊತ್ತು. ಇಷ್ಟು ಬರೆದರೆ ಸಾಕು. "ಯಾವಾಗ್ಲೂ ಸದ್ದು" ಅನ್ನುವುದಕ್ಕೂ "ದಿನಾ ರಾತ್ರಿ ಹತ್ತೂವರೆಗೆ ಬೆಡ್‌ರೂಮಿನ ಮೇಲೆ ಹತ್ತು ನಿಮಿಷ ಏನೋ ಎಳೆದ ಸದ್ದು" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ? ಮೊದಲನೆಯದು ಜಗಳಕ್ಕೆ ದಾರಿ, ಎರಡನೆಯದು ರಿಪೇರಿಗೆ.

ಸದ್ದು ನೇರ ಮೇಲಿನ ಮನೆಯದೇ ಅಂತ ಖಂಡಿತ ಮಾಡಿಕೊಳ್ಳಬೇಡಿ. ಕಾಂಕ್ರೀಟಿನಲ್ಲಿ ಅದುರು ಕಂಬ, ತೊಲೆ, ಗೋಡೆ ಹಿಡಿದು ಎಲ್ಲಿಗೋ ಹೋಗಿ ಕೇಳಿಸುತ್ತದೆ. ಓರೆಯಾಗಿ ಮೇಲಿರುವ ಮನೆಯದಾಗಿರಬಹುದು, ಪಕ್ಕದ್ದಾಗಿರಬಹುದು, ಕೆಳಗಿನ ಮನೆಯದೂ ಆಗಿರಬಹುದು. "ಮೇಲೆ ಮಕ್ಕಳೇ ಇಲ್ಲ, ಆದರೂ ರಾತ್ರಿ ಗೋಲಿ ಉರುಳಿದ ಸದ್ದು ಬರುತ್ತೆ" ಅನ್ನುವವರು ಬಹಳ ಜನ. ಎಷ್ಟೋ ಸಲ ಅದು ನೀರಿನ ಪೈಪಿನ ಆಟ. ನಲ್ಲಿ ಅಥವಾ ವಾಲ್ವ್ ಫಕ್ಕನೆ ಮುಚ್ಚಿದಾಗ ಓಡುತ್ತಿದ್ದ ನೀರು ಗಕ್ಕನೆ ನಿಂತು ಪೈಪನ್ನು ಒದೆಯುತ್ತದೆ. ಪ್ಲಂಬರುಗಳು ಇದಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ, ನಾವು ನೀರಿನ ಗುದ್ದು ಅನ್ನೋಣ. ಪಾಪ, ಮೇಲಿನವರು ಮಲಗಿ ಎರಡು ಗಂಟೆ ಆಗಿರುತ್ತದೆ.

ಫೋನಿನ ಆ್ಯಪಿನಲ್ಲಿ ಡೆಸಿಬೆಲ್ ಅಳೆಯಬಹುದು. ಡೆಸಿಬೆಲ್ ಅಂದರೆ ಸದ್ದಿನ ಜೋರನ್ನು ಅಳೆಯುವ ಮಾಪು. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಆದರೆ ಫೋನಿನ ಮೈಕು ದಡ್ ದಡ್ ಅನ್ನುವ ದಪ್ಪ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಆ ಅಂಕಿಯನ್ನು ಇನ್ನೊಬ್ಬರ ಮುಖಕ್ಕೆ ಹಿಡಿಯಲು ಬಳಸಬೇಡಿ. ಕೆಲಸಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನೀವೇ ಹೋಲಿಸಿ ನೋಡಲು ಮಾತ್ರ ಸಾಕು.

3. ಮಾತಾಡಿ, ಆದರೆ ಸದ್ದು ಬರುತ್ತಿರುವಾಗ ಅಲ್ಲ

ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಮೆಟ್ಟಿಲು ಹತ್ತಬೇಡಿ. ಪೊರಕೆ ಹಿಡಿಯಿಂದ ಸೀಲಿಂಗಿಗೆ ಕುಟ್ಟಬೇಡಿ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ಬರೆಯುವುದಂತೂ ಬೇಡವೇ ಬೇಡ. ನೂರು ಜನರ ಮುಂದೆ ಮಾನ ಹೋದ ಮೇಲೆ ನಿಮಗೋಸ್ಕರ ಚೇರಿಗೆ ಬುಷ್ ಹಾಕುವವರು ಯಾರು?

ಭಾನುವಾರ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಹೋಗಿ. ಹೀಗೆ ಶುರು ಮಾಡಿ: "ಅಕ್ಕಾ, ಕೆಳಗಿನ ಮನೆಯವರು ನಾವು. ನಿಮ್ಮ ಡೈನಿಂಗ್ ಟೇಬಲ್ ಚೇರು ಎಳೆದಾಗ ನಮ್ಮ ರೂಮಲ್ಲಿ ಜೋರಾಗಿ ಕೇಳುತ್ತೆ. ನಿಮಗೆ ಗೊತ್ತಾಗೋಕೆ ಸಾಧ್ಯಾನೇ ಇಲ್ಲ ಬಿಡಿ. ಒಂದ್ಸಲ ಕೆಳಗೆ ಬಂದು ಕೇಳ್ತೀರಾ? ನಿಮ್ಮ ಮಗ ಮೇಲೆ ಎಳೀಲಿ." ಈ ಆಹ್ವಾನದಷ್ಟು ಕೆಲಸ ಮಾಡುವ ಮಾತು ಬೇರೆ ಇಲ್ಲ. ತಾವು ಮೆಲ್ಲಗೆ ಎಳೆದ ಚೇರು ಕೆಳಗೆ ಗುಡುಗಿನಂತೆ ಕೇಳುವುದನ್ನು ಸ್ವತಃ ಕೇಳಿದ ಮೇಲೆ "ನಾವೇನೂ ಸದ್ದು ಮಾಡಲ್ಲ" ಅನ್ನುವ ಮಾತು ಬರುವುದಿಲ್ಲ.

ಬುಷ್, ಫೆಲ್ಟ್ ಬಿಲ್ಲೆಗಳನ್ನು ನೀವೇ ಕೊಂಡು ಒಯ್ಯಿರಿ. "ಸದ್ದು ಮಾಡುವವರು ಅವರು, ದುಡ್ಡು ನಮ್ಮದಾ?" ಅಂತ ಅನ್ನಿಸಬಹುದು. ನಿದ್ದೆ ನಿಮ್ಮದು. ಆ ಖರ್ಚು ಒಂದು ಹೊತ್ತು ಹೋಟೆಲಿನಲ್ಲಿ ಉಂಡಷ್ಟೂ ಆಗುವುದಿಲ್ಲ.

ಮಾಲೀಕರು ಮೇಲಿದ್ದು ನೀವು ಬಾಡಿಗೆಗೆ ಕೆಳಗಿದ್ದರೆ ಸ್ವಲ್ಪ ಹುಷಾರು. "ನಿಮ್ಮ ಸದ್ದು" ಅನ್ನುವ ಬದಲು "ಈ ಸ್ಲ್ಯಾಬಿನಲ್ಲಿ ಸದ್ದು ಇಳಿಯುತ್ತೆ ಸರ್" ಅನ್ನಿ. ತಪ್ಪು ಕಟ್ಟಡದ್ದಾಗುತ್ತದೆ, ಮನುಷ್ಯರದ್ದಲ್ಲ. ಅದು ನಿಜವೂ ಹೌದು.

4. ಕಾಲುಗಳಿಗೆ ಚಪ್ಪಲಿ: ಚೇರಿಗೂ, ಮನುಷ್ಯರಿಗೂ

ಇಲ್ಲಿಂದ ಏಳನೇ ಹಂತದ ತನಕ ಮೇಲಿನ ಮನೆಯಲ್ಲಿ ಆಗಬೇಕಾದ ಕೆಲಸ. ನೀವೇ ಮೇಲಿನ ಮನೆಯವರಾದರೆ ಇನ್ನೂ ಒಳ್ಳೆಯದು, ಇವತ್ತೇ ಶುರು ಮಾಡಿ.

ಡೈನಿಂಗ್ ಚೇರು, ಸ್ಟೂಲು, ಪ್ಲಾಸ್ಟಿಕ್ ಚೇರು, ಟೀಪಾಯಿ, ಮಂಚ, ಎಲ್ಲದರ ಕಾಲನ್ನೂ ನೋಡಿ. ದುಂಡಗಿನ ಕಬ್ಬಿಣದ ಕಾಲಿಗೆ ಟೋಪಿಯಂತೆ ಹಾಕುವ ರಬ್ಬರ್ ಬುಷ್ ಸರಿ. ಹೊರ ಅಳತೆ ತೆಗೆದುಕೊಂಡು ಹೋಗಿ, ಸಡಿಲವಾದರೆ ವಾರದಲ್ಲಿ ಕಳಚಿ ಬೀಳುತ್ತದೆ. ಮರದ ಕಾಲಿಗೆ ಫೆಲ್ಟ್ ಒಳ್ಳೆಯದು. ಫೆಲ್ಟ್ ಅಂದರೆ ಕಂಬಳಿಯಂತೆ ಒತ್ತಿದ ದಪ್ಪ ಬಟ್ಟೆ. ರಬ್ಬರ್ ನೆಲವನ್ನು ಕಚ್ಚಿ ಹಿಡಿಯುತ್ತದೆ, ಫೆಲ್ಟ್ ಜಾರುತ್ತದೆ. ದಿನಾ ಎಳೆಯುವ ಚೇರಿಗೆ ಫೆಲ್ಟ್, ಇದ್ದಲ್ಲೇ ಇರುವ ಮಂಚ, ಬೀರುಗಳಿಗೆ ರಬ್ಬರ್ ಅಂತ ನೆನಪಿಡಿ.

ಎಡವುವ ಜಾಗ: ಅಂಟಿಸುವ ಫೆಲ್ಟ್ ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುವ ನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ. ಕಾಲಿನ ತಳವನ್ನು ಮರಳು ಕಾಗದದಲ್ಲಿ ಉಜ್ಜಿ, ಒಣಗಿಸಿ ಅಂಟಿಸಿ. ಸಣ್ಣ ಮೊಳೆ ಇರುವ ಬಗೆ ಸಿಕ್ಕಿದರೆ ಇನ್ನೂ ಗಟ್ಟಿ. ಎರಡು ಮೂರು ತಿಂಗಳಿಗೊಮ್ಮೆ ಚೇರು ಮಗುಚಿ ನೋಡಿ. ಫೆಲ್ಟಿನಲ್ಲಿ ಮರಳು ಸೇರಿದ್ದರೆ ಟೈಲ್ಸ್ ಗೀರಿಹೋಗುತ್ತದೆ.

ಮನುಷ್ಯರ ಕಾಲಿನ ಮಾತಿಗೆ ಬರೋಣ. ಬರಿಗಾಲಿನಲ್ಲಿ ನಡೆದರೆ ಸದ್ದೇ ಇಲ್ಲ ಅಂತ ನಾವೆಲ್ಲ ತಿಳಿದಿದ್ದೇವೆ. ಹಿಮ್ಮಡಿ ಊರಿ ಬಿರಬಿರನೆ ನಡೆದರೆ ಕೆಳಗೆ ದಡ್ ದಡ್ ಅಂತಲೇ ಕೇಳುತ್ತದೆ. ಒಳಗೆ ಹಾಕಲು ಮೆತ್ತಗಿನ, ದಪ್ಪ ತಳದ ಸ್ಲಿಪ್ಪರ್ ಇಟ್ಟುಕೊಂಡರೆ ಆ ಪೆಟ್ಟು ಮೆತ್ತಗಾಗುತ್ತದೆ. ಆದರೆ ಮನೆಯೊಳಗೆ ಚಪ್ಪಲಿ ಹಾಕುವುದು ಅನೇಕರಿಗೆ ಆಗಿಬರುವುದಿಲ್ಲ, ಆ ಮಾತನ್ನು ಒತ್ತಾಯಿಸಬೇಡಿ. ಅವರಿಗೆ ಐದನೇ ಹಂತ.

5. ನೆಲಕ್ಕೆ ಹಾಸು

ತೆಳ್ಳಗಿನ ಕಾರ್ಪೆಟ್ ಅಲಂಕಾರಕ್ಕೆ ಸರಿ. ಸದ್ದಿಗೆ ಬೇಕಾದದ್ದು ಎರಡು ಪದರ: ಕೆಳಗೆ ರಬ್ಬರ್ ಅಥವಾ ಫೋಮಿನ ಮೆತ್ತನೆ ಪದರ, ಮೇಲೆ ಜಮಖಾನ ಅಥವಾ ದಪ್ಪ ಹಾಸು. ನವಲಗುಂದದ ಜಮಖಾನದಂಥದ್ದು ಮನೆಯಲ್ಲಿ ಮಡಚಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಇಡೀ ಮನೆಗೆ ಹಾಸಬೇಕಿಲ್ಲ. ಮಂಚದಿಂದ ಬಾತ್‌ರೂಮಿಗೆ, ಹಾಲಿನಿಂದ ಅಡುಗೆಮನೆಗೆ, ಹೀಗೆ ಜಾಸ್ತಿ ಓಡಾಡುವ ದಾರಿಯಲ್ಲಿ ಉದ್ದಕ್ಕೆ ಹಾಸಿದರೆ ಅರ್ಧಕ್ಕರ್ಧ ಕೆಲಸ ಮುಗಿಯುತ್ತದೆ.

ಮಕ್ಕಳಿರುವ ಮನೆಯಲ್ಲಿ ಒಂದಕ್ಕೊಂದು ಕೂಡಿಸುವ ಫೋಮ್ ಚೌಕಗಳು ಸಿಗುತ್ತವಲ್ಲ, ಅವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. 10 ಮಿಲಿಮೀಟರಿಗಿಂತ ಕಡಿಮೆ ದಪ್ಪದ್ದು ಬೇಡ, 20 ಸಿಕ್ಕಿದರೆ ಒಳ್ಳೆಯದು. ಆಡುವ ಮೂಲೆಯೊಂದನ್ನು ಮಾತ್ರ ಮುಚ್ಚಿ, ಆಟಿಕೆಗಳೆಲ್ಲ ಅಲ್ಲೇ ಅನ್ನುವ ನಿಯಮ ಮಾಡಿ. ಆ ನಿಯಮ ಎಷ್ಟು ದಿನ ನಡೆಯುತ್ತದೆ ಅಂತ ನನ್ನನ್ನು ಕೇಳಬೇಡಿ.

ಒಂದು ಮಾತು ಮೊದಲೇ ತಿಳಿದಿರಲಿ. ಹಾಸು ಕಟ್ ಕಟ್ ಅನ್ನುವ ಚೂಪು ಸದ್ದನ್ನು ಚೆನ್ನಾಗಿ ಕೊಲ್ಲುತ್ತದೆ: ಚೇರು, ಚಮಚ, ಗೆಜ್ಜೆ, ನಾಯಿ ಉಗುರು. ಭಾರದ ದಡ್ ಸದ್ದನ್ನು ಅಷ್ಟು ತಗ್ಗಿಸುವುದಿಲ್ಲ. ಮಗು ಸೋಫಾದಿಂದ ಹಾರಿದರೆ ಸ್ಲ್ಯಾಬೇ ಬಾಗಿ ಅದುರುತ್ತದೆ, ಅದಕ್ಕೆ ಒಂದು ಹಾಸು ಏನು ಮಾಡೀತು? ಸದ್ದು ಪೂರ್ತಿ ಹೋಗುತ್ತದೆ ಅಂತ ಮೇಲಿನವರಿಗೂ ಹೇಳಬೇಡಿ, ನೀವೂ ನಂಬಬೇಡಿ.

ಹಾಸಿನ ಅಂಚು ಜಾರದಂತೆ ನೋಡಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸದ್ದಿಗಿಂತ ದೊಡ್ಡ ವಿಷಯ. ಸೊಂಟ ಮುರಿದ ಮೇಲೆ ಜಮಖಾನ ಶಪಿಸಿ ಪ್ರಯೋಜನ ಇಲ್ಲ.

6. ಅಡುಗೆಮನೆ

ನಮ್ಮ ಅಡುಗೆ ಕಟ್ಟೆ ಗ್ರಾನೈಟಿನದು, ಗೋಡೆಯೊಳಗೆ ಹೂತಿರುತ್ತದೆ. ಮಿಕ್ಸಿ ಅದುರಿದರೆ ಕಟ್ಟೆ ಅದುರುತ್ತದೆ, ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಕೆಳಗಿನ ಮನೆಗೆ. ಬೆಳಗ್ಗೆ ಆರಕ್ಕೆ ಚಟ್ನಿ ರುಬ್ಬಿದರೆ ಕೆಳಗಿನವರಿಗೆ ಅಲಾರಾಂ ಬೇಕಾಗುವುದಿಲ್ಲ.

ಮಿಕ್ಸಿಯ ತಳದ ರಬ್ಬರ್ ಕಾಲುಗಳು ಗಟ್ಟಿಯಾಗಿವೆಯೇ, ಉದುರಿವೆಯೇ ನೋಡಿ. ರಿಪೇರಿ ಅಂಗಡಿಯಲ್ಲಿ ಹೊಸವು ಸಿಗುತ್ತವೆ. ಅದರ ಕೆಳಗೆ ಒಂದು ದಪ್ಪ ರಬ್ಬರ್ ಮ್ಯಾಟ್ ಇಡಿ, ಮಿಕ್ಸಿಯನ್ನು ಗೋಡೆಗೆ ತಾಗಿಸಬೇಡಿ. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ: ಟವೆಲ್ ಮಡಚಿ ಅದರ ಮೇಲೆ ಮಿಕ್ಸಿ ಇಡುವುದು. ಮಿಕ್ಸಿಯ ಮೋಟರು ಗಾಳಿ ಎಳೆಯುವ ಸಂದಿ ತಳದಲ್ಲಿರುತ್ತದೆ. ಮೆತ್ತನೆ ಬಟ್ಟೆ ಅದನ್ನು ಮುಚ್ಚಿಬಿಟ್ಟರೆ ಮೋಟರು ಕಾದು ಸುಡುತ್ತದೆ. ಮ್ಯಾಟ್ ಗಟ್ಟಿಯಾಗಿರಬೇಕು, ಕಾಲುಗಳು ಅದರಲ್ಲಿ ಹೂತುಹೋಗಬಾರದು.

ಗ್ರೈಂಡರ್ ನೆಲದ ಮೇಲಿದ್ದರೆ ಅದಕ್ಕೂ ರಬ್ಬರ್ ಮ್ಯಾಟ್. ಕುಟ್ಟಾಣಿಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಹಳೇ ಉಪಾಯ, ಈಗಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಕಟ್ಟೆಯ ನಡುವೆ ಕುಟ್ಟುವ ಬದಲು ಕೆಳಗೆ ಗೋಡೆಯ ಆಸರೆ ಇರುವ ಜಾಗದಲ್ಲಿ ಕುಟ್ಟಿ. ತೆಂಗಿನಕಾಯಿಯನ್ನು ನೆಲಕ್ಕೆ ಕುಕ್ಕಬೇಡಿ, ಕೈಯಲ್ಲಿ ಹಿಡಿದು ಕತ್ತಿಯ ಬೆನ್ನಿನಿಂದ ಒಡೆದರೆ ಆಯಿತು.

7. ವಾಷಿಂಗ್ ಮಷಿನ್, ಟ್ರೆಡ್‌ಮಿಲ್

ಮಷಿನ್ ಕುಣಿಯುತ್ತಿದೆ ಅಂದರೆ ಮೊದಲು ರಸಮಟ್ಟ ಇಟ್ಟು ನೋಡಿ. ನಾಲ್ಕು ಕಾಲೂ ನೆಲಕ್ಕೆ ಊರಿರಬೇಕು, ಕಾಲಿನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಫ್ರಂಟ್ ಲೋಡ್ ಮಷಿನ್ ಹೊಸದಾಗಿ ಬಂದಾಗ ಡ್ರಮ್ಮು ಅಲ್ಲಾಡದಂತೆ ಹಿಂದೆ ಬೋಲ್ಟುಗಳನ್ನು ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಇಡೀ ಮಷಿನ್ ಬಡಿದುಕೊಳ್ಳುತ್ತದೆ, ಹಾಳೂ ಆಗುತ್ತದೆ. ಮನೆ ಬದಲಿಸಿದಾಗ ಪ್ಯಾಕರ್ಸ್‌ನವರು ಹಾಕಿ, ತೆಗೆಯುವುದನ್ನು ಮರೆತಿರಬಹುದು. ನೋಡಿಕೊಳ್ಳಿ.

ಆಮೇಲೆ ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್. ದಪ್ಪ, ಮೆತ್ತನೆ ಫೋಮ್ ಹಾಕಿದರೆ ಮಷಿನ್ ಇನ್ನೂ ಜಾಸ್ತಿ ತೂಗಾಡುತ್ತದೆ. ಕೊನೆಯ ಹಿಂಡುವ ಸುತ್ತಿನ ವೇಗ 1200 ಇದ್ದರೆ 800ಕ್ಕೆ ಇಳಿಸಿ. ಬಟ್ಟೆ ಒಣಗಲು ಸ್ವಲ್ಪ ಹೊತ್ತು ಜಾಸ್ತಿ ಬೇಕು, ಅಷ್ಟೇ. ಒಂದೇ ಒಂದು ಬೆಡ್‌ಶೀಟ್ ಹಾಕಿ ಓಡಿಸಬೇಡಿ. ಅದು ಒಂದು ಕಡೆ ಮುದ್ದೆಯಾಗಿ ಡ್ರಮ್ಮು ವಾಲುತ್ತದೆ.

ಟ್ರೆಡ್‌ಮಿಲ್ಲಿನ ಕಥೆ ಬೇರೆ. ಅಲ್ಲಿ ಮೋಟರಿಗಿಂತ ಓಡುವವರ ಪಾದದ್ದೇ ಪೆಟ್ಟು. ಜಿಮ್ಮಿನಲ್ಲಿ ಹಾಕುವ 15 ಮಿಲಿಮೀಟರಿನ ರಬ್ಬರ್ ಹಾಸು ಬೇಕು, ಯೋಗ ಮ್ಯಾಟ್ ಸಾಲದು. ಅದಕ್ಕಿಂತ ಮುಖ್ಯ ಜಾಗ. ಸ್ಲ್ಯಾಬ್ ತುಂಬಾ ಬಾಗುವುದು ಕೋಣೆಯ ನಡುವೆ. ತೊಲೆ ಹಾದುಹೋಗುವ ಕಡೆ, ಗೋಡೆ ಬದಿಗೆ ಸರಿಸಿ. ಇಷ್ಟು ಮಾಡಿಯೂ ಬೆಳಗ್ಗೆ ಐದಕ್ಕೆ ಓಡಿದರೆ ಕೆಳಗಿನವರು ಎದ್ದೇಳುತ್ತಾರೆ. ಓಡುವವರು ಪಾರ್ಕಿಗೆ ಹೋಗಲಿ, ಮನೆಯಲ್ಲಿ ನಡೆಯಲಿ, ಇದು ನನ್ನ ಅಭಿಪ್ರಾಯ.

8. ಮೋಟರು ಮತ್ತು ಪೈಪು

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರು, ತಾರಸಿಯಲ್ಲಿರುವ ಪ್ರೆಷರ್ ಪಂಪು, ಇವು ಮೇಲಿನ ಮಹಡಿಯವರನ್ನೂ ಬಿಡುವುದಿಲ್ಲ. ಕೆಳಗಿನವರಿಗೆ ಮಾತ್ರ ಸದ್ದು ಅಂತ ಯಾರು ಹೇಳಿದ್ದು?

ಪಂಪು ನೇರ ಕಾಂಕ್ರೀಟಿಗೆ ಬೋಲ್ಟ್ ಆಗಿದ್ದರೆ ನಡುವೆ ರಬ್ಬರ್ ಪ್ಯಾಡ್ ಕೊಡಿಸಿ. ಬೋಲ್ಟಿಗೂ ರಬ್ಬರ್ ವಾಷರ್ ಬೇಕು, ಇಲ್ಲದಿದ್ದರೆ ಅದುರು ಬೋಲ್ಟಿನ ಮೂಲಕವೇ ಇಳಿದುಬಿಡುತ್ತದೆ. ಇದನ್ನೇ ಪ್ಲಂಬರುಗಳು ಮರೆಯುವುದು. ಪಂಪಿನಿಂದ ಹೊರಡುವ ಮೊದಲ ಒಂದೆರಡು ಅಡಿ ಗಟ್ಟಿ ಪೈಪಿನ ಬದಲು ಬಳುಕುವ ಜೋಡಣೆ ಇರಲಿ, ಪಂಪಿನ ಒತ್ತಡ ತಾಳುವಂಥದ್ದು. ಪೈಪು ಗೋಡೆ ತೂರುವ ಕಡೆ ಸಿಮೆಂಟ್ ಮೆತ್ತಿ ಬಿಗಿ ಮಾಡದೆ ಸುತ್ತ ಫೋಮ್ ಕೊಟ್ಟು ಬಿಡಿ. ಕ್ಲಾಂಪುಗಳಲ್ಲಿ ಒಳಗೆ ರಬ್ಬರ್ ಇರುವ ಬಗೆ ಸಿಗುತ್ತದೆ, ಅದನ್ನೇ ಕೇಳಿ.

ಮೋಟರು ಆಫ್ ಆದ ತಕ್ಷಣ ಢಬ್ ಅಂತ ಒಂದು ಗುದ್ದು ಬರುತ್ತದೆಯೇ? ಮೇಲೇರಿದ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್, ಪ್ಲಂಬರ್ ಬಾಯಲ್ಲಿ ಎನ್ಆರ್‌ವಿ, ಬಡಿದು ಮುಚ್ಚುವ ಸದ್ದು ಅದು. ಒಳಗೆ ಸ್ಪ್ರಿಂಗ್ ಇರುವ ವಾಲ್ವ್ ಹಾಕಿಸಿದರೆ ನೀರು ಹಿಂದಕ್ಕೆ ನುಗ್ಗುವ ಮೊದಲೇ ಮುಚ್ಚಿಕೊಳ್ಳುತ್ತದೆ, ಗುದ್ದು ತಗ್ಗುತ್ತದೆ.

ಬಾತ್‌ರೂಮಿನದು ಇನ್ನೊಂದು. ಮೇಲಿನವರು ಫ್ಲಶ್ ಮಾಡಿದರೆ ಆ ನೀರು ಇಳಿಯುವ ಪೈಪು ಎಷ್ಟೋ ಕಟ್ಟಡಗಳಲ್ಲಿ ನಿಮ್ಮ ಬಾತ್‌ರೂಮಿನ ಸೀಲಿಂಗಿನಡಿಯಲ್ಲೇ ಹಾದಿರುತ್ತದೆ. ಇದೊಂದನ್ನು ನೀವು ಕೆಳಗಿನಿಂದಲೇ ಸರಿ ಮಾಡಬಹುದು. ಪೈಪಿಗೆ ಮೊದಲು ಫೋಮ್ ಸುತ್ತಿ, ಅದರ ಮೇಲೆ ಭಾರದ ವಿನೈಲ್ ಹಾಳೆ ಸುತ್ತಿ, ಸಂದಿಗಳಿಗೆ ಟೇಪ್ ಹಚ್ಚಿ. ಬರೀ ಫೋಮ್ ಸಾಕಾಗುವುದಿಲ್ಲ, ತೂಕ ಬೇಕು. ಮುಚ್ಚಿ ಪೆಟ್ಟಿಗೆ ಮಾಡಿಸಿದರೆ ಒಂದು ಸಣ್ಣ ಬಾಗಿಲು ಬಿಡಿ. ನಾಳೆ ಪೈಪು ಸೋರಿದರೆ ಎಲ್ಲವನ್ನೂ ಒಡೆಯುವುದು ತಪ್ಪುತ್ತದೆ.

9. ಗಾಳಿ ಸದ್ದಿಗೆ ಸಂದಿ ಮುಚ್ಚಿ

ಇದು ಚಿಕ್ಕ ಕೆಲಸ. ಮುಂಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಯ ಜಾರುವ ಚೌಕಟ್ಟಿಗೆ ಬ್ರಷ್ ಪಟ್ಟಿ, ಎಸಿ ಪೈಪಿಗೆ ಕೊರೆದ ರಂಧ್ರಕ್ಕೆ ಸೀಲೆಂಟ್. ಗಾಳಿ ಹೋಗುವಲ್ಲಿ ಸದ್ದೂ ಹೋಗುತ್ತದೆ. ಆದರೆ ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಅದು ಪ್ರಾಣಕ್ಕೇ ಅಪಾಯ.

ಬಾಗಿಲು ಗಾಳಿಗೆ ಬಡಿಯುವುದು ಪೆಟ್ಟಿನ ಸದ್ದು. ಚೌಕಟ್ಟಿಗೆ ಎರಡು ಮೂರು ರಬ್ಬರ್ ಬಿಲ್ಲೆ, ನೆಲಕ್ಕೆ ಒಂದು ಸ್ಟಾಪರ್. ಮುಗಿಯಿತು.

10. ನಿಮ್ಮ ಸೀಲಿಂಗ್, ಬೇರೆ ದಾರಿಯೇ ಇಲ್ಲದಿದ್ದರೆ

ಮೊದಲು ಏನು ಮಾಡಬಾರದು ಅಂತ. ಮೊಟ್ಟೆಯ ಟ್ರೇ ಅಂಟಿಸಬೇಡಿ. ಥರ್ಮೋಕೋಲ್ ಬೇಡ. ಸ್ಟುಡಿಯೋದಲ್ಲಿ ಕಾಣುವ ಕಪ್ಪು ಏಣುಏಣಿನ ಫೋಮ್ ಕೂಡ ಬೇಡ. ಆ ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ಹೀರಲು ಮಾಡಿದ್ದು, ಹೊರಗಿನ ಸದ್ದನ್ನು ತಡೆಯಲು ಅಲ್ಲ. ಹಗುರ ವಸ್ತು ಸದ್ದು ತಡೆಯುವುದಿಲ್ಲ, ಇಷ್ಟು ನೆನಪಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಮಾಡುವುದಾದರೆ ಹೀಗೆ: ಸ್ಲ್ಯಾಬಿನಿಂದ ರಬ್ಬರ್ ಅಥವಾ ಸ್ಪ್ರಿಂಗ್ ಇರುವ ಹ್ಯಾಂಗರುಗಳಲ್ಲಿ ಲೋಹದ ಚೌಕಟ್ಟು ತೂಗುಬಿಡಬೇಕು. ಮೇಲಿನ ಖಾಲಿ ಜಾಗಕ್ಕೆ 50 ಮಿಲಿಮೀಟರ್ ದಪ್ಪದ ರಾಕ್‌ವುಲ್, ಅಂದರೆ ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದು ಮಾಡಿದ ಹಾಸು. ಕೆಳಗೆ 12.5 ಮಿಲಿಮೀಟರಿನ ಜಿಪ್ಸಮ್ ಬೋರ್ಡ್ ಒಂದಲ್ಲ, ಎರಡು ಪದರ, ಸಂದಿ ಒಂದರ ಮೇಲೊಂದು ಬರದಂತೆ. ಸುತ್ತ ಗೋಡೆಗೆ ಬೋರ್ಡ್ ತಾಗದೆ ಸಣ್ಣ ಸಂದಿ ಬಿಟ್ಟು ಅದಕ್ಕೆ ಮೆತ್ತನೆ ಸೀಲೆಂಟ್ ತುಂಬಬೇಕು. ನಾಲ್ಕೈದು ಇಂಚಾದರೂ ಎತ್ತರ ಕಡಿಮೆಯಾಗುತ್ತದೆ.

ಸಾಮಾನ್ಯ ಫಾಲ್ಸ್ ಸೀಲಿಂಗ್ ಮಾಡುವವರು ಕಬ್ಬಿಣದ ಪಟ್ಟಿಯನ್ನು ನೇರ ಸ್ಲ್ಯಾಬಿಗೆ ಹೊಡೆದು ಬೋರ್ಡ್ ಕೂರಿಸುತ್ತಾರೆ. ನೋಡಲು ಚಂದ. ಸದ್ದು ಮಾತ್ರ ಆ ಪಟ್ಟಿಯಲ್ಲೇ ಇಳಿದು ಬರುತ್ತದೆ. ಅದರ ಮೇಲೆ ಹತ್ತು ಹನ್ನೆರಡು ಲೈಟಿಗೆ ರಂಧ್ರ ಕೊರೆದರೆ ಜರಡಿ ಆಯಿತು. ಲೈಟುಗಳನ್ನು ಗೋಡೆಗೆ ಹಾಕಿಸಿ. ಫ್ಯಾನು ಸ್ಲ್ಯಾಬಿನ ಕೊಕ್ಕೆಗೇ ತೂಗಬೇಕು, ಬೋರ್ಡಿನ ಚೌಕಟ್ಟಿಗೆ ಅಲ್ಲ. ರಾಡು ಬೋರ್ಡಿಗೆ ತಾಗದಂತೆ ಸುತ್ತ ಜಾಗ ಬಿಟ್ಟು ರಬ್ಬರ್ ಕೊಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಗೋಡೆ ಹಿಡಿದು ಇಳಿಯುವ ಸದ್ದು ಉಳಿಯುತ್ತದೆ. ಆದ್ದರಿಂದ ಇಡೀ ಮನೆಗೆ ಬೇಡ, ಮಲಗುವ ಕೋಣೆ ಒಂದಕ್ಕೆ ಮಾಡಿಸಿ ನೋಡಿ. ಬಾಡಿಗೆ ಮನೆಯಲ್ಲಂತೂ ಈ ಖರ್ಚಿಗೆ ಕೈ ಹಾಕಬೇಡಿ. ಮಂಚವನ್ನು ಸದ್ದಿನ ಜಾಗದಿಂದ ದೂರ ಸರಿಸಿ, ಫ್ಯಾನಿನ ಸದ್ದಿನಲ್ಲಿ ಸಣ್ಣಪುಟ್ಟದ್ದು ಮುಳುಗಿಹೋಗಲಿ ಬಿಡಿ, ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಇಯರ್‌ಪ್ಲಗ್ಗನ್ನು ಸುಮ್ನೆ ಕಿವಿಗೆ ತುರುಕಿದರೆ ಆಗುವುದಿಲ್ಲ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು.

11. ಮೇಲೆ ನೆಲ ಹೊಸದಾಗಿ ಹಾಕಿಸುವುದಿದ್ದರೆ

ಮನೆ ಕಟ್ಟುತ್ತಿರುವವರು, ಟೈಲ್ಸ್ ಬದಲಿಸುವವರು ಇದನ್ನು ತಪ್ಪದೆ ಓದಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಉಪಾಯದ ಹೆಸರು ತೇಲು ನೆಲ. ಸ್ಲ್ಯಾಬಿನ ಮೇಲೆ ರಬ್ಬರ್ ಅಥವಾ ಕಾರ್ಕಿನ ಹಾಸು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಇಂಚು ಗಾರೆ, ಆಮೇಲೆ ಟೈಲ್ಸ್. ಟೈಲ್ಸಿನ ನೆಲ ಸ್ಲ್ಯಾಬಿಗೆ ಎಲ್ಲೂ ತಾಗದೆ ಹಾಸಿನ ಮೇಲೆ ತೇಲುತ್ತಿರುತ್ತದೆ. ನಾಲ್ಕೂ ಗೋಡೆಯ ಅಂಚಿಗೆ ಫೋಮ್ ಪಟ್ಟಿ ನಿಲ್ಲಿಸಬೇಕು. ಗೋಡೆಬದಿಯ ಸ್ಕರ್ಟಿಂಗ್ ಕೂಡ ನೆಲದ ಟೈಲ್ಸಿಗೆ ತಾಗಬಾರದು, ಸಂದಿಗೆ ಸಿಮೆಂಟ್ ಬದಲು ಸಿಲಿಕೋನ್. ಒಂದೇ ಒಂದು ಕಡೆ ಗಾರೆ ಹಾಸಿನ ಸಂದಿಯಲ್ಲಿ ಇಳಿದು ಸ್ಲ್ಯಾಬಿಗೆ ಕಚ್ಚಿಕೊಂಡರೆ ಸದ್ದಿಗೆ ಅದೇ ಸೇತುವೆ. ಮೇಸ್ತ್ರಿಗೆ ಹೇಳಿ ಬಿಟ್ಟುಬಿಡಬೇಡಿ, ಗಾರೆ ಹಾಕುವ ದಿನ ನಿಂತು ನೋಡಿ.

ಭಾರದ ಲೆಕ್ಕವನ್ನೂ ಹಾಕಿ. ಎರಡು ಇಂಚು ಗಾರೆ ಅಂದರೆ ಪ್ರತಿ ಚದರ ಮೀಟರಿಗೆ ನೂರು ಕಿಲೋಗಿಂತ ಜಾಸ್ತಿ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ದಾಟುತ್ತದೆ. ಹಳೇ ಟೈಲ್ಸ್, ಗಾರೆ ಕಿತ್ತು ಹಾಕುವುದಾದರೆ ಸರಿ, ಇದ್ದದ್ದರ ಮೇಲೆಯೇ ಹಾಕುವುದಾದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ. ಹಳೇ ಟೈಲ್ಸಿನ ಮೇಲೆ ಹೊಸ ಟೈಲ್ಸ್ ಅಂಟಿಸಿದರೆ ಸದ್ದು ಕಡಿಮೆಯಾಗುತ್ತದೆ ಅಂತ ಅಂಗಡಿಯವರು ಹೇಳಿಯಾರು. ಗಟ್ಟಿಯ ಮೇಲೆ ಇನ್ನೊಂದು ಗಟ್ಟಿ ಅಂಟಿಸಿದರೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ.

ಒಡೆಯದೆ ಆಗಬೇಕು ಅಂದರೆ ಹಳೇ ಟೈಲ್ಸಿನ ಮೇಲೆ ಮೆತ್ತನೆ ಅಡಿಹಾಸು ಹಾಕಿ ವಿನೈಲ್ ಹಲಗೆ ಕೂರಿಸಬಹುದು. ಬಾಗಿಲ ಕೆಳಗೆ ಜಾಗ ಇದೆಯೇ ಅಂತ ಮೊದಲು ಅಳೆಯಿರಿ.

12. ಒಪ್ಪದಿದ್ದರೆ

ಎರಡು ಸಲ ಮಾತಾಡಿಯೂ ಕೇಳದಿದ್ದರೆ ಅಪಾರ್ಟ್‌ಮೆಂಟ್ ಸಂಘಕ್ಕೆ ಬರೆದು ಕೊಡಿ, ನಿಮ್ಮ ವಾರದ ಪಟ್ಟಿ ಜೊತೆಗಿರಲಿ. ಒಬ್ಬರ ಮೇಲೆ ದೂರು ಕೊಡುವುದಕ್ಕಿಂತ ಎಲ್ಲರಿಗೂ ಅನ್ವಯಿಸುವ ನಿಯಮ ಕೇಳುವುದು ಮೇಲು: ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ವಾಷಿಂಗ್ ಮಷಿನ್ ಇಲ್ಲ, ಕೊರೆಯುವ ಕೆಲಸ ಇಷ್ಟು ಗಂಟೆಯೊಳಗೆ ಮಾತ್ರ, ಹೀಗೆ.

ಕಾನೂನಿನಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಿವೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಆರರ ತನಕ 45 ಡೆಸಿಬೆಲ್ ಮಿತಿ. ಆದರೆ ಅವು ಆ ಪ್ರದೇಶದ ಒಟ್ಟಾರೆ ಸದ್ದಿಗೆ ಮಾಡಿದ ಅಂಕಿಗಳು. ಮಧ್ಯರಾತ್ರಿ ಜೋರು ಹಾಡು, ಡ್ರಿಲ್ಲಿಂಗ್ ಇದ್ದರೆ 112ಕ್ಕೆ ಕರೆ ಮಾಡಬಹುದು. ಮಗು ಓಡಿತು, ಚೇರು ಎಳೆದರು ಅನ್ನುವುದಕ್ಕೆ ಪೊಲೀಸರನ್ನು ಕರೆದರೆ ಸದ್ದು ನಿಲ್ಲುವುದಿಲ್ಲ, ಮಾತುಕತೆ ನಿಲ್ಲುತ್ತದೆ.

ಇನ್ನು ಮನೆ ಹುಡುಕುತ್ತಿರುವವರು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಮನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಆಗ ಎಲ್ಲರೂ ಆಫೀಸು, ಶಾಲೆಯಲ್ಲಿರುತ್ತಾರೆ. ರಾತ್ರಿ ಎಂಟು ಒಂಬತ್ತರ ನಡುವೆ ಇನ್ನೊಮ್ಮೆ ಹೋಗಿ. ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಬ್ರೋಕರನ್ನು ಐದು ನಿಮಿಷ ಸುಮ್ಮನಿರಲು ಹೇಳಿ. ಅದರ ಮೇಲೆ ಯಾವ ಕೋಣೆ ಇದೆ, ಮೋಟರು ಎಲ್ಲಿದೆ, ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಕೇಳಿ. ಅಡ್ವಾನ್ಸ್ ಕೊಡುವುದು ಆಮೇಲೆ.